ಅಚ್ಚು ಹಾಕಿಸುವವರಿಗೊಂದು ಬಹಿರಂಗ ಪತ್ರ

ಹರದನಹಳ್ಳಿ, ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯಲ್ಲಿ ಪುಸ್ತಕ, ಸ್ಮರಣ ಸಂಚಿಕೆ, ಕರಪತ್ರ, ವರದಿಗಳನ್ನು ಅಚ್ಚು ಹಾಕಿಸುವ ಮಠಗಳು, ದೇವಾಲಯ ಸಮಿತಿಗಳು, ಸಾಹಿತ್ಯ ಸಂಘಗಳು, ಗ್ರಾಮ ಪಂಚಾಯಿತಿಗಳು ಮತ್ತು ಶಾಲೆಗಳ ಗಮನಕ್ಕೆ



ಕನ್ನಡ ಪಠ್ಯವನ್ನು ಗಣಕಯಂತ್ರದಲ್ಲಿ ಅಕ್ಷರವಾಗಿಯೇ ಉಳಿಸಿ, ಹುಡುಕಲು, ಅಕಾರಾದಿಯಾಗಿ ಜೋಡಿಸಲು, ಯಂತ್ರದಿಂದ ಓದಿಸಲು ಬರುವಂತೆ ಇಡುವ ಫಾಂಟ್ ವ್ಯವಸ್ಥೆ ಸಾಮಾನ್ಯ ಗಣಕಗಳಿಗೆ ಬಂದು ಎರಡು ದಶಕಗಳು ದಾಟಿದ್ದರೂ, ರಾಜ್ಯದ ಸಣ್ಣ ಊರುಗಳ ಡಿಟಿಪಿ ಅಂಗಡಿಗಳಲ್ಲಿ ಅದಕ್ಕೂ ಹಿಂದಿನ ಫಾಂಟುಗಳ ಬಳಕೆ ನಿಂತಿಲ್ಲ. ಈ ನಿಧಾನಕ್ಕೆ ಕಾರಣ ಕೇಳಿದಾಗ ಸಾಮಾನ್ಯವಾಗಿ ದೊರೆಯುವ ಉತ್ತರವೆಂದರೆ ಡಿಟಿಪಿ ಮಾಡುವವರ ಸೋಮಾರಿತನ, ಇಲ್ಲವೆ ಅವರ ತಿಳಿವಳಿಕೆಯ ಕೊರತೆ. ಈ ಪತ್ರದ ನಿಲುವು ಬೇರೆ: ಹಳೆಯದನ್ನು ಬಿಡದಿರಲು ಅವರಿಗೆ ಸಕಾರಣಗಳಿವೆ, ಹೊಸದನ್ನು ಕೇಳದಿರಲು ಅಚ್ಚು ಹಾಕಿಸುವವರಿಗೆ ಅಂಥ ಕಾರಣಗಳಾವುವೂ ಇಲ್ಲ. ಆದ್ದರಿಂದಲೇ ಪತ್ರವನ್ನು ಮುದ್ರಣಾಲಯಗಳಿಗೆ ಬರೆಯದೆ ತಮಗೆ ಬರೆಯಲಾಗಿದೆ.

ಹಳೆಯ ಫಾಂಟು ಎಂದರೇನು ಎಂಬುದನ್ನು ಹರದನಹಳ್ಳಿಯ ಹೆಸರನ್ನೇ ಇಟ್ಟುಕೊಂಡು ವಿವರಿಸಬಹುದು. ಗಣಕವು ಅಕ್ಷರದ ಆಕಾರವನ್ನು ನೆನಪಿಡುವುದಿಲ್ಲ. ಪ್ರತಿ ಅಕ್ಷರಕ್ಕೂ ಗೊತ್ತುಪಡಿಸಿದ ಒಂದು ಸಂಖ್ಯೆಯನ್ನು, ಅಂದರೆ ಒಂದು ಸಂಕೇತವನ್ನು, ನೆನಪಿಡುತ್ತದೆ, ಆ ಸಂಕೇತಕ್ಕೆ ತಕ್ಕ ಆಕಾರವನ್ನು ಪರದೆಯ ಮೇಲೆ ಒದಗಿಸುವ ಕಡತವೇ ಫಾಂಟು. ಕನ್ನಡಕ್ಕೆ ಸ್ವಂತ ಸಂಕೇತಗಳು ಬಳಕೆಗೆ ಬಾರದಿದ್ದ ಕಾಲದಲ್ಲಿ ಇಂಗ್ಲಿಷ್ ಮತ್ತು ಯುರೋಪಿನ ಇತರ ಭಾಷೆಗಳಿಗೆ ಮೀಸಲಾದ 256 ಸ್ಥಾನಗಳಲ್ಲಿಯೇ ತಲೆಕಟ್ಟು, ಕೊಂಬು, ಒತ್ತು, ಅಕ್ಷರದ ಒಡಲು ಎಂಬ ಬಿಡಿಭಾಗಗಳನ್ನು ಕೂರಿಸಿ ಕೆಲಸ ಸಾಗಿಸಲಾಯಿತು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹರದನಹಳ್ಳಿ ಎಂದು ಟೈಪು ಮಾಡಿದರೆ ಕಡತದಲ್ಲಿ 12 ಸಂಕೇತಗಳು ದಾಖಲಾಗುತ್ತವೆ. ಅವುಗಳಲ್ಲಿ ರಕಾರದ ಒಡಲು ಗಣಕದ ಲೆಕ್ಕದಲ್ಲಿ ಇಂಗ್ಲಿಷಿನ ‘ಜಿ’, ದಕಾರದ್ದು ‘ಝಡ್’, ನಕಾರದ್ದು ಬ್ರಿಟನ್ನಿನ ಪೌಂಡ್ ನಾಣ್ಯದ ಚಿಹ್ನೆ, ‘ಳಿ’ ಎಂಬುದು ಅರ್ಧವನ್ನು ಸೂಚಿಸುವ ಭಿನ್ನರಾಶಿಯ ಗುರುತು, ಮತ್ತು ಮತ್ತೆ ಮತ್ತೆ ಬರುವ ತಲೆಕಟ್ಟು ಫ್ರೆಂಚರು ಬಳಸುವ, ಮೇಲೊಂದು ಓರೆಗೆರೆಯಿರುವ ‘ಎ’. ಮಕಾರಕ್ಕಂತೂ ಅಲ್ಲಿ ಸ್ವಂತ ಅಸ್ತಿತ್ವವೇ ಇಲ್ಲ. ವಕಾರದ ಒಡಲು, ತಲೆಕಟ್ಟು, ಕೊಂಬು ಈ ಮೂರನ್ನು ಪಕ್ಕಪಕ್ಕದಲ್ಲಿಟ್ಟು ಕಣ್ಣಿಗೆ ಮಕಾರವೆನ್ನಿಸಲಾಗುತ್ತದೆ. ಆ ಫಾಂಟು ಇರುವ ಗಣಕದಲ್ಲಿ ಎಲ್ಲವೂ ಸುಂದರವಾಗಿ ಕಾಣುತ್ತದೆ, ಇಲ್ಲದ ಗಣಕದಲ್ಲಿ ಅದೇ ಕಡತ ಪೌಂಡು, ಭಿನ್ನರಾಶಿ, ಓರೆಗೆರೆಗಳ ಸಂತೆಯಾಗುತ್ತದೆ. ನುಡಿಯದ್ದು ಒಂದು ಹಂಚಿಕೆಯಾದರೆ ಪುಣೆಯ ಮಾಡ್ಯುಲರ್ ಇನ್ಫೋಟೆಕ್ ಸಂಸ್ಥೆಯ ಶ್ರೀಲಿಪಿಯದ್ದು ಮತ್ತೊಂದು, ಆಕೃತಿ ತಂತ್ರಾಂಶದ್ದು ಇನ್ನೊಂದು. ಒಂದರಲ್ಲಿ ಬರೆದದ್ದು ಮತ್ತೊಂದಕ್ಕೆ ಅರ್ಥವಾಗದು.

ಹೊಸ ವ್ಯವಸ್ಥೆಯಲ್ಲಿ ಎರಡು ಪದರಗಳಿವೆ. ಮೊದಲನೆಯದು 1991ರಲ್ಲಿ ಮೊದಲ ಆವೃತ್ತಿ ಕಂಡ ಯೂನಿಕೋಡ್. ಜಗತ್ತಿನ ಲಿಪಿಗಳಿಗೆಲ್ಲ ಬೇರೆ ಬೇರೆ ಸಂಕೇತಗಳನ್ನು ಕೊಟ್ಟು ಕನ್ನಡಕ್ಕೂ 128 ಸ್ಥಾನಗಳನ್ನು ಮೀಸಲಿಟ್ಟ ಈ ಶಿಷ್ಟತೆಯಲ್ಲಿ ಹರದನಹಳ್ಳಿ ಎಂಬುದು 9 ಸಂಕೇತಗಳ ಸಾಲು, ಪ್ರತಿಯೊಂದೂ ಕನ್ನಡದ್ದೇ. ಒತ್ತಕ್ಷರವನ್ನು ವ್ಯಂಜನ, ವಿರಾಮ, ವ್ಯಂಜನ ಎಂಬ ಉಚ್ಚಾರಣೆಯ ಕ್ರಮದಲ್ಲಿಯೇ ಬರೆದಿಡಲಾಗುತ್ತದೆ. ಎರಡನೆಯದು ಮೈಕ್ರೋಸಾಫ್ಟ್ ಮತ್ತು ಅಡೋಬಿ ಸಂಸ್ಥೆಗಳು 1996ರಲ್ಲಿ ಘೋಷಿಸಿದ, 2007ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಆದ ಓಪನ್‌ಟೈಪ್ ಎಂಬ ಫಾಂಟ್ ಸ್ವರೂಪ. ಇದರೊಳಗೆ ಅಕ್ಷರದ ಆಕಾರಗಳಷ್ಟೇ ಅಲ್ಲದೆ, ಇಂಥ ಸಂಕೇತಗಳು ಒಟ್ಟಿಗೆ ಬಂದರೆ ಇಂಥ ಆಕಾರವನ್ನು ಬಳಸು ಎನ್ನುವ ಬದಲಿಯ ಕೋಷ್ಟಕವೂ, ಒತ್ತು ಎಷ್ಟು ಕೆಳಗೆ, ಎಷ್ಟು ಬಲಕ್ಕೆ ಕೂರಬೇಕೆನ್ನುವ ಸ್ಥಾನನಿರ್ದೇಶನದ ಕೋಷ್ಟಕವೂ ಇರುತ್ತವೆ. ಆ ಕೋಷ್ಟಕಗಳನ್ನು ಓದಿ ಪಾಲಿಸಬಲ್ಲ ತಂತ್ರಾಂಶ ಇಲ್ಲದಿದ್ದರೆ ಫಾಂಟು ಎಷ್ಟೇ ಚೆನ್ನಾಗಿದ್ದರೂ ಒತ್ತುಗಳು ಚದುರಿ ನಿಲ್ಲುತ್ತವೆ. ನಿಧಾನದ ಮೂಲವನ್ನು ಹುಡುಕಬೇಕಾದದ್ದು ಇಲ್ಲಿ, ಅಂದರೆ ಫಾಂಟಿನಲ್ಲಲ್ಲ, ಅದನ್ನು ಓದುವ ತಂತ್ರಾಂಶದಲ್ಲಿ.

2001ನೆಯ ಇಸವಿ ಈ ದೃಷ್ಟಿಯಿಂದ ಕುತೂಹಲಕರವಾದದ್ದು. ಆ ವರ್ಷ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಓಪನ್‌ಟೈಪ್ ಫಾಂಟಿನೊಡನೆ ಕನ್ನಡದ ಯೂನಿಕೋಡ್ ಸೌಲಭ್ಯ ಸೇರಿತ್ತು. ಅದೇ ವರ್ಷ ಬಂದ ಪೇಜ್‌ಮೇಕರ್ 7.0 ಆ ಪುಟವಿನ್ಯಾಸ ತಂತ್ರಾಂಶದ ಕೊನೆಯ ಆವೃತ್ತಿಯಾಯಿತು. ಕನ್ನಡದ ಪುಸ್ತಕೋದ್ಯಮ ನಿಂತಿದ್ದುದು ಪೇಜ್‌ಮೇಕರಿನ ಮೇಲೆ, ಮತ್ತು ಅದಕ್ಕೆ ಒಂದು ಸಂಕೇತಕ್ಕೆ ಒಂದು ಆಕಾರ ಎಂಬ ಲೆಕ್ಕದ ಆಚೆಗೆ ಏನೂ ತಿಳಿಯದು. ಅದರ ಉತ್ತರಾಧಿಕಾರಿಯಾಗಿ ಬಂದ ಇನ್‌ಡಿಸೈನಿನಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳಿಗೆ ಅಧಿಕೃತ ಬೆಂಬಲ ದೊರೆತದ್ದು 2012ರ ಸಿಎಸ್6 ಆವೃತ್ತಿಯಲ್ಲಿ. ಲಗ್ನಪತ್ರಿಕೆ ಮತ್ತು ಫ್ಲೆಕ್ಸ್ ಕೆಲಸದವರ ಕೈಗೆ ಒಗ್ಗಿದ ಕೋರೆಲ್‌ಡ್ರಾಗೆ ಓಪನ್‌ಟೈಪಿನ ಸೌಲಭ್ಯಗಳು ಬಂದದ್ದೂ ಅದೇ ವರ್ಷದ ಎಕ್ಸ್6ರಲ್ಲಿ. ಹೀಗೆ ಕಚೇರಿಯ ಪತ್ರ ಬರೆಯುವ ಗಣಕ ಹೊಸ ದಾರಿ ಹಿಡಿದ ಮೇಲೂ 11 ವರ್ಷಗಳ ಕಾಲ ಅಚ್ಚಿನ ಪುಟ ಕಟ್ಟುವ ಗಣಕಕ್ಕೆ ಆ ದಾರಿ ತೆರೆದೇ ಇರಲಿಲ್ಲ. ಒಂದು ತಲೆಮಾರಿನ ಡಿಟಿಪಿ ಕೆಲಸಗಾರರು ವೃತ್ತಿ ಕಲಿತು, ಅಂಗಡಿ ಇಟ್ಟು, ಶಿಷ್ಯರನ್ನು ತಯಾರು ಮಾಡಿದ್ದು ಈ ಅವಧಿಯಲ್ಲಿ ಎಂಬುದನ್ನು ಮರೆತು ಅವರನ್ನು ದೂರುವುದು ಅನ್ಯಾಯ.

ಹಳೆಯ ಫಾಂಟುಗಳನ್ನು ಹೀನಾಯವಾಗಿ ಕಾಣುವುದೂ ತಪ್ಪು. ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ಬರಹ ತಂತ್ರಾಂಶ, ಮತ್ತು ಅದರ ಬೆನ್ನಲ್ಲೇ ಕನ್ನಡ ಗಣಕ ಪರಿಷತ್ತು ರಾಜ್ಯ ಸರ್ಕಾರದ ನೆರವಿನಿಂದ ರೂಪಿಸಿದ ನುಡಿ ಇಲ್ಲದಿದ್ದರೆ ಕರ್ನಾಟಕದ ಆಡಳಿತ ಅಷ್ಟು ಬೇಗ ಕನ್ನಡದಲ್ಲಿ ಟೈಪು ಮಾಡಲು ತೊಡಗುತ್ತಿರಲಿಲ್ಲ, ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸ ನುಡಿಯ ಮೂಲಕವೇ ಮನೆಮಾತಾಯಿತು. ಚಾಮರಾಜನಗರ ಜಿಲ್ಲೆ ರೂಪುಗೊಂಡದ್ದು 1997ರಲ್ಲಿ, ಅಂದರೆ ಬರಹ ಬರುವ ಹಿಂದಿನ ವರ್ಷ. ಮೈಸೂರು ಜಿಲ್ಲೆಗೆ ಟೈಪ್‌ರೈಟರಿನ ಕಾಲದ ದೊಡ್ಡ ದಾಖಲೆರಾಶಿಯಿದ್ದರೆ, ಅದರಿಂದ ಬೇರೆಯಾದ ಈ ಜಿಲ್ಲೆಯ ಆಡಳಿತದ ಆಯುಷ್ಯವೆಲ್ಲ ಗಣಕದ ಫಾಂಟುಗಳ ಕಾಲದಲ್ಲಿಯೇ ಕಳೆದಿದೆ. ಅದರ ಮೊದಲ ವರ್ಷಗಳ ಗಣಕೀಕೃತ ಕನ್ನಡ ಯಾವ ಬಗೆಯದೆಂದು ಊಹಿಸಲು ಕಷ್ಟಪಡಬೇಕಾಗಿಲ್ಲ, ಏಕೆಂದರೆ ಆಗ ಸಾಮಾನ್ಯವಾಗಿ ಬಳಕೆಯಲ್ಲಿದ್ದುದು ಹಳೆಯ ಫಾಂಟಿನ ಬಗೆಯೇ.

ಹಳೆಯ ಪದ್ಧತಿ ಕೆಲಸಗಾರನ ಕೈಗೆ ಒಗ್ಗಿದ್ದಕ್ಕೆ ಇನ್ನೂ ಆಳವಾದ ಕಾರಣವೊಂದಿದೆ. ಸೀಸದ ಮೊಳೆಗಳನ್ನು ಜೋಡಿಸುತ್ತಿದ್ದ ಕಾಲದಲ್ಲಿ ಕನ್ನಡದ ಕಂಪೋಸಿಟರು ಅಕ್ಷರ, ಒತ್ತು, ದೀರ್ಘಗಳ ಮೊಳೆಗಳನ್ನು ಗೂಡುಗಳಿಂದ ಎತ್ತಿ, ಕಣ್ಣಿಗೆ ಕಾಣುವ ಕ್ರಮದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಹಳೆಯ ಫಾಂಟಿನ 256 ಸ್ಥಾನಗಳು ಆ ಗೂಡುಗಳ ಮುಂದುವರಿಕೆಯಾಗಿದ್ದವು, ಆದ್ದರಿಂದ ಕಂಡದ್ದೇ ಇದ್ದದ್ದು: ಒತ್ತು ಸ್ವಲ್ಪ ಆಚೆ ಸರಿದಿದ್ದರೆ ಅದನ್ನೊಂದನ್ನೇ ಹಿಡಿದು ಈಚೆ ಎಳೆಯಬಹುದಿತ್ತು, ಅರ್ಕಾವೊತ್ತನ್ನು ಬೇಕಾದಲ್ಲಿ ಇಡಬಹುದಿತ್ತು. ಯೂನಿಕೋಡಿನಲ್ಲಿ ಅಕ್ಷರದ ರೂಪವನ್ನು ನಿರ್ಧರಿಸುವುದು ಫಾಂಟಿನೊಳಗಿನ ಕೋಷ್ಟಕ. ರಕಾರಕ್ಕೆ ಯಕಾರದ ಒತ್ತು ಕೊಟ್ಟು ‘ರ‍್ಯಾಲಿ’ ಎಂದು ಬರೆಯಲು ಹೊರಟವರಿಗೆ ಯಕಾರದ ಮುಂದೆ ಅರ್ಕಾವೊತ್ತು ಕೂತ ‘ರ್ಯಾಲಿ’ ಎದುರಾಗುತ್ತದೆ. ಮೊದಲಿನ ರೂಪ ಬೇಕಾದರೆ ರಕಾರ ಮತ್ತು ವಿರಾಮದ ನಡುವೆ ಶೂನ್ಯಅಗಲದ ಜೋಡಕ ಎಂಬ, ಕಣ್ಣಿಗೆ ಕಾಣದ ಒಂದು ಸಂಕೇತವನ್ನು ಸೇರಿಸಬೇಕೆಂದು ಯಾರಾದರೂ ಹೇಳಿಕೊಡಬೇಕು. ಇನ್‌ಡಿಸೈನಿನಲ್ಲಿಯೂ ಪ್ಯಾರಾಗ್ರಾಫ್ ಕಂಪೋಸರ್ ಎಂಬ ಮಾಮೂಲು ಆಯ್ಕೆಯನ್ನು ವರ್ಲ್ಡ್ ರೆಡಿ ಕಂಪೋಸರ್ ಎಂಬುದಕ್ಕೆ ಬದಲಿಸದಿದ್ದರೆ ಕನ್ನಡದ ಒತ್ತಕ್ಷರಗಳು ಒಡೆದು ನಿಲ್ಲುತ್ತವೆ. ಬದಲಾವಣೆ ಒಂದೇ ಗುಂಡಿಯದು, ಆದರೆ ಅದು ತಿಳಿಯದವರು ಮೊದಲ ಪ್ರಯತ್ನದಲ್ಲಿಯೇ ಯೂನಿಕೋಡ್ ಸರಿಯಿಲ್ಲವೆಂದು ತೀರ್ಮಾನಿಸಿ ಹಿಂದಿರುಗಿದರೆ ಆಶ್ಚರ್ಯವೇನು?

ಹಳೆಯ ಕಡತಗಳನ್ನು ಹೊಸ ಸಂಕೇತಕ್ಕೆ ತರುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ, ಆದರೆ ಅವು ಮುಗಿಸಿಕೊಡುವುದು ಕೆಲಸದ ಒಂದು ಪಾಲನ್ನು ಮಾತ್ರ. ಹಳೆಯ ಕಡತದಲ್ಲಿ ಕನ್ನಡವೂ ಇಂಗ್ಲಿಷೂ ಒಂದೇ ಸಂಕೇತಗಳನ್ನು ಹಂಚಿಕೊಂಡಿರುವುದರಿಂದ, ಫಾಂಟಿನ ಹೆಸರಿನ ಸುಳಿವು ಇಲ್ಲದ ಬರಿಯ ಪಠ್ಯದಲ್ಲಿ ಯಾವುದು ರಕಾರ, ಯಾವುದು ನಿಜವಾದ ‘ಜಿ’ ಎಂದು ಯಂತ್ರ ಹೇಳಲಾರದು, ಹೀಗಾಗಿ ನಡುವೆ ಬರುವ ಇಂಗ್ಲಿಷ್ ಪದಗಳೆಲ್ಲ ಕನ್ನಡದ ಅಸಂಬದ್ಧ ಅಕ್ಷರಗಳಾಗುತ್ತವೆ. ಅನುಸ್ವಾರದ ಬದಲು ಸೊನ್ನೆಯನ್ನು ಒತ್ತುವ ಹಳೆಯ ಚಾಳಿ ಕಾಗದದ ಮೇಲೆ ಯಾರಿಗೂ ಕಾಣದು. ಪರಿವರ್ತನೆಯಾದ ಮೇಲೆ ಅದೇ ಪದವನ್ನು ಹುಡುಕಲು ಹೊರಟವರಿಗೆ ಅದು ಸಿಗುವುದೇ ಇಲ್ಲ. ಪರಿಣಾಮವಾಗಿ ಪರಿವರ್ತನೆಯ ನಂತರ ಮತ್ತೊಮ್ಮೆ ಕರಡು ತಿದ್ದಬೇಕು, ಅದಕ್ಕೆ ಕೂಲಿ ಕೊಡುವವರಿಲ್ಲ.

ಇಡೀ ಸಮಸ್ಯೆಯ ಗಂಟು ಈ ಕೂಲಿಯಲ್ಲಿದೆ. ಹೊಸ ತಂತ್ರಾಂಶದ ಚಂದಾ, ಹೊಸ ಅಭ್ಯಾಸಕ್ಕೆ ಬೇಕಾದ ಸಮಯ, ಹಳೆಯ ಕಡತಗಳ ಪರಿವರ್ತನೆ, ಮರು ಕರಡು, ಎಲ್ಲ ವೆಚ್ಚವೂ ಬೀಳುವುದು ಡಿಟಿಪಿ ಅಂಗಡಿಯ ಮೇಲೆ. ಲಾಭವಾದರೋ ಆ ಅಂಗಡಿಗೆ ಎಂದೂ ಕಾಲಿಡದವರದು: ಹತ್ತು ವರ್ಷಗಳ ನಂತರ ಪುಸ್ತಕದ ಎರಡನೆಯ ಮುದ್ರಣಕ್ಕೆ ಹೊರಡುವ ಪ್ರಕಾಶಕರದು, ಒಂದು ಪದಕ್ಕಾಗಿ ನೂರು ಪುಟ ಹುಡುಕಬೇಕಾದ ಸಂಶೋಧಕರದು, ತೆರೆಯ ಮೇಲಿನ ಪಠ್ಯವನ್ನು ಓದಿ ಹೇಳುವ ತಂತ್ರಾಂಶವನ್ನು ನೆಚ್ಚಿದ ಅಂಧ ವಿದ್ಯಾರ್ಥಿಯದು. ಆ ತಂತ್ರಾಂಶ ಯೂನಿಕೋಡಿನ ಕನ್ನಡವನ್ನು ಓದುತ್ತದೆ, ಹಳೆಯ ಫಾಂಟಿನ ಕಡತ ಸಿಕ್ಕರೆ ಪೌಂಡು, ಜಿ, ಅರ್ಧ ಎಂದು ಗೊಣಗುತ್ತದೆ. ಅಚ್ಚಾದ ಕಾಗದದಲ್ಲಿ ಎರಡೂ ಒಂದೇ ರೀತಿ ಕಾಣುವುದರಿಂದ, ಕಾಗದವನ್ನಷ್ಟೇ ನೋಡಿ ಹಣ ಕೊಡುವ ಗಿರಾಕಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಇದರ ಜೊತೆಗೆ ಸರಪಣಿಯ ಪ್ರತಿ ಕೊಂಡಿಯೂ ಪಕ್ಕದ ಕೊಂಡಿಗೆ ಕಾಯುತ್ತದೆ: ಲೇಖಕರು ಮೊಬೈಲಿನಲ್ಲಿ ಯೂನಿಕೋಡಿನಲ್ಲಿಯೇ ಬರೆದು ಕಳಿಸುತ್ತಾರೆ, ಅಂಗಡಿಯವರು ಅದನ್ನು ಹಳೆಯ ಸಂಕೇತಕ್ಕೆ ತಿರುಗಿಸಿ ಪುಟ ಕಟ್ಟುತ್ತಾರೆ, ಏಕೆಂದರೆ ಅವರ ಪುಟವಿನ್ಯಾಸದ ತಂತ್ರಾಂಶ ಹಳೆಯದು. ಮುಂದಕ್ಕೆ ಹೋಗಬೇಕಾದ ಪಠ್ಯ ಹಿಂದಕ್ಕೆ ಪರಿವರ್ತನೆಯಾಗುವ ಈ ವಿಚಿತ್ರ ಕನ್ನಡದ ಮುದ್ರಣದಲ್ಲಿ ಇಂದಿಗೂ ನಡೆಯುತ್ತಿದೆ.

ರಾಜ್ಯ ಸರ್ಕಾರ ಡಾ. ಚಿದಾನಂದ ಗೌಡ ಅವರ ಅಧ್ಯಕ್ಷತೆಯ ತಂತ್ರಾಂಶ ಅಭಿವೃದ್ಧಿ ಸಮಿತಿಯ ಶಿಫಾರಸಿನ ಹಿನ್ನೆಲೆಯಲ್ಲಿ ಯೂನಿಕೋಡನ್ನು ಆಡಳಿತದ ಶಿಷ್ಟತೆಯಾಗಿ ಒಪ್ಪಿಕೊಂಡಿದೆ. ಕಚೇರಿಗಳಿಗೆ ಚಿರಪರಿಚಿತವಾದ ‘ನುಡಿ 01 ಇ’ ಫಾಂಟಿನ ರೂಪವೇ ನುಡಿ ಯೂನಿ ಎಂಬ ಯೂನಿಕೋಡ್ ಸರಣಿಯಲ್ಲಿಯೂ ದೊರೆಯುವುದರಿಂದ, ಅಕ್ಷರದ ಅಂದಕ್ಕಾಗಿ ಹಳೆಯದನ್ನು ಬಿಡಲಾಗದೆಂಬ ವಾದ ಪಂಚಾಯಿತಿಯ ನಡಾವಳಿಗಾಗಲಿ ಶಾಲೆಯ ವರದಿಗಾಗಲಿ ಅನ್ವಯಿಸದು. ಲಗ್ನಪತ್ರಿಕೆ, ಫ್ಲೆಕ್ಸುಗಳ ಮಾತು ಬೇರೆ. ಅಲಂಕಾರದ ಅಕ್ಷರಶೈಲಿಗಳ ವಿಷಯದಲ್ಲಿ ಶ್ರೀಲಿಪಿಯಂಥ ಹಳೆಯ ಸಂಗ್ರಹಗಳಲ್ಲಿರುವ ವೈವಿಧ್ಯ ಹೊಸ ಸ್ವರೂಪದಲ್ಲಿ ಬಹುಕಾಲ ದೊರೆಯಲಿಲ್ಲ ಎಂಬ ದೂರು ನ್ಯಾಯವಾದದ್ದು. ಇಂಗ್ಲಿಷಿಗೆ ಹಿರಿಯಕ್ಷರ ಕಿರಿಯಕ್ಷರ ಸೇರಿ 52 ಆಕಾರಗಳನ್ನು ಬಿಡಿಸಿದರೆ ಕೆಲಸದ ದೊಡ್ಡ ಪಾಲು ಮುಗಿಯುತ್ತದೆ, ಕನ್ನಡಕ್ಕೆ ಕಾಗುಣಿತದ ರೂಪಗಳು, ಒತ್ತುಗಳು, ಒತ್ತಿನ ಮೇಲೊತ್ತುಗಳು ಸೇರಿ ನೂರಾರು ಆಕಾರಗಳು ಬೇಕು. ಅಷ್ಟು ಶ್ರಮಕ್ಕೆ ತಕ್ಕ ಬೆಲೆ ಕೊಟ್ಟು ಫಾಂಟು ಕೊಳ್ಳುವ ಅಭ್ಯಾಸ ಕನ್ನಡದ ಮಾರುಕಟ್ಟೆಯಲ್ಲಿ ಬೆಳೆದಿಲ್ಲ. ಆದರೂ ಗುಬ್ಬಿ ಮತ್ತು ನವಿಲು, ನೋಟೋ ಸರಣಿ, ಬಾಲೂ ತಮ್ಮ, ತಿರೋ ಕನ್ನಡ ಮುಂತಾದ ಮುಕ್ತ ಫಾಂಟುಗಳು ಬಂದ ಮೇಲೆ ಆ ದೂರಿನ ಮೊನೆ ಮೊಂಡಾಗುತ್ತಿದೆ.

ಫಾಂಟಿನ ಸ್ವರೂಪಗಳು ಎಲ್ಲಿಯೂ ಒಂದೇ ದಿನದಲ್ಲಿ ಬದಲಾದವಲ್ಲ. ಅಡೋಬಿಯ ಟೈಪ್ 1 ಎಂಬ ಸ್ವರೂಪ 1984ರಲ್ಲಿ ಬಂದದ್ದು, ಓಪನ್‌ಟೈಪ್ ಅದರ ಸ್ಥಾನಕ್ಕೆ ಬಂದ ಮೇಲೂ ಉಳಿದು, ಅದೇ ಸಂಸ್ಥೆಯ ತಂತ್ರಾಂಶಗಳಲ್ಲಿ ಅದರ ಬೆಂಬಲ ಕೊನೆಗೊಂಡದ್ದು 2023ರ ಜನವರಿಯಲ್ಲಿ. ಒಂದೇ ಕಡತದೊಳಗೆ ತೆಳುವಿನಿಂದ ದಪ್ಪದವರೆಗಿನ ಎಲ್ಲ ರೂಪಗಳನ್ನೂ ಅಡಗಿಸುವ ಯೋಚನೆ ಅಡೋಬಿಯ ಮಲ್ಟಿಪಲ್ ಮಾಸ್ಟರ್ ಎಂಬ ಹೆಸರಿನಲ್ಲಿ 1991ರಲ್ಲಿ, ಆಪಲ್ ಸಂಸ್ಥೆಯ ಟ್ರೂಟೈಪ್ ಜಿಎಕ್ಸ್ ಎಂಬ ಹೆಸರಿನಲ್ಲಿ 1994ರ ಸುಮಾರಿಗೆ ಬಂದು ಎರಡು ಬಾರಿಯೂ ನೆಲೆ ನಿಲ್ಲಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಅಡೋಬಿ, ಆಪಲ್, ಗೂಗಲ್, ಮೈಕ್ರೋಸಾಫ್ಟ್ ನಾಲ್ಕೂ ಒಟ್ಟಾಗಿ ಓಪನ್‌ಟೈಪ್ 1.8ರ ಮೂಲಕ ವೇರಿಯಬಲ್ ಫಾಂಟ್ ಎಂಬ ಹೆಸರಿನಲ್ಲಿ ಅದನ್ನು ಘೋಷಿಸಿದ ಮೇಲೆಯೇ ಅದಕ್ಕೆ ಜೀವ ಬಂತು. ಇನ್‌ಡಿಸೈನಿಗೆ ಅದರ ಬೆಂಬಲ ತಲುಪಲು ಮತ್ತೆ ಮೂರು ವರ್ಷ ಹಿಡಿಯಿತು. ಕನ್ನಡದ ಕಷ್ಟವೆಂದರೆ ಉಳಿದವರು ಒಂದು ಮೆಟ್ಟಿಲು ಹತ್ತುವಾಗ ಕನ್ನಡಕ್ಕೆ ಎರಡು ಮೆಟ್ಟಿಲು ಬಾಕಿ ಇರುವುದು: ವೇರಿಯಬಲ್ ಫಾಂಟು ಬೇಕೆನ್ನುವ ಮೊದಲು ಯೂನಿಕೋಡಿಗೆ ಬಂದಿರಲೇಬೇಕು.

ವೇರಿಯಬಲ್ ಫಾಂಟಿನ ಪ್ರಯೋಜನ ಗುಂಡ್ಲುಪೇಟೆಗೆ ಬೇರಾವ ಊರಿಗಿಂತಲೂ ಬೇಗ ಅರ್ಥವಾಗಬೇಕು. ಅಲ್ಲಿಂದ ಒಂದು ರಸ್ತೆ ವಯನಾಡಿಗೆ, ಮತ್ತೊಂದು ಊಟಿಗೆ ಸಾಗುವುದರಿಂದ ಪ್ರವಾಸಿಗರಿಗಾಗಿ ಕನ್ನಡದ ಜೊತೆಗೆ ಮಲಯಾಳ, ತಮಿಳು, ಇಂಗ್ಲಿಷುಗಳಲ್ಲಿಯೂ ಫಲಕ ಬರೆಸಬೇಕಾಗುತ್ತದೆ, ಮತ್ತು ಅಂಥ ಫಲಕಗಳಲ್ಲಿ ನಾಲ್ಕು ಲಿಪಿಗಳು ನಾಲ್ಕು ದಪ್ಪದಲ್ಲಿ ಕಾಣಿಸಿಕೊಂಡು ಕನ್ನಡ ಇದ್ದುದರಲ್ಲಿ ಕಿರಿದಾಗುವುದು ಅಪರೂಪವೇನಲ್ಲ. ಮುಂಬೈಯ ಏಕ್ ಟೈಪ್ ಸಂಸ್ಥೆ ರೂಪಿಸಿ 2022ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಅನೇಕ್ ಎಂಬ ವೇರಿಯಬಲ್ ಫಾಂಟ್ ಕುಟುಂಬದಲ್ಲಿ ಕನ್ನಡ, ಮಲಯಾಳ, ತಮಿಳು ಸೇರಿ ಹತ್ತು ಲಿಪಿಗಳಿವೆ. ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಹಿಗ್ಗಿಸಿ ಕುಗ್ಗಿಸಿ ಎಲ್ಲ ಲಿಪಿಗಳನ್ನೂ ಒಂದೇ ತೂಕಕ್ಕೆ ತರಬಹುದು. ಅದಕ್ಕೆ ಬೆಲೆ ಇಲ್ಲ, ಕೇಳುವವರು ಬೇಕು.

ಹರದನಹಳ್ಳಿಯ ಸಂಗತಿ ಇನ್ನೂ ಗಹನವಾದದ್ದು. ಗೋಸಲ ಚನ್ನಬಸವೇಶ್ವರರ ಪೀಠವಿದ್ದ, ಅವರ ಶಿಷ್ಯ ತೋಂಟದ ಸಿದ್ಧಲಿಂಗೇಶ್ವರರು ಹುಟ್ಟಿದ ಊರೆಂದು ಪರಂಪರೆ ಹೇಳುವ ಈ ಸ್ಥಳದೊಡನೆ ವಚನಗಳ ಸಂಗ್ರಹ ಮತ್ತು ಸಂಪಾದನೆಯ ದೊಡ್ಡ ಚಳವಳಿಯೊಂದರ ನಂಟಿದೆ. ಸಿದ್ಧಲಿಂಗರ ಷಟ್‌ಸ್ಥಲ ಜ್ಞಾನಸಾರಾಮೃತದಲ್ಲಿ 701 ವಚನಗಳಿವೆ, ಅವರ ಪರಂಪರೆಯ ಗುಮ್ಮಳಾಪುರದ ಸಿದ್ಧಲಿಂಗರೂ ಗೂಳೂರು ಸಿದ್ಧವೀರಣ್ಣೊಡೆಯರೂ ಶೂನ್ಯಸಂಪಾದನೆಯ ಪರಿಷ್ಕರಣಗಳನ್ನು ಸಿದ್ಧಪಡಿಸಿದರು. ಈ ಸಾಹಿತ್ಯ ಓಲೆಗರಿಯಿಂದ ಅಚ್ಚಿಗೆ, ಅಚ್ಚಿನಿಂದ ಸರ್ಕಾರದ ಹದಿನೈದು ಸಮಗ್ರ ವಚನ ಸಂಪುಟಗಳಿಗೆ ಬಂದರೂ ಒಂದು ಪದ ಎಷ್ಟು ವಚನಗಳಲ್ಲಿ, ಯಾರ ಅಂಕಿತದೊಡನೆ ಬಂದಿದೆ ಎಂಬ ಪ್ರಶ್ನೆಗೆ ಕ್ಷಣದಲ್ಲಿ ಉತ್ತರ ದೊರೆಯಲಾರಂಭಿಸಿದ್ದು, ಕನ್ನಡದ ಕೆಲವು ಉತ್ಸಾಹಿಗಳು ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡಿನಲ್ಲಿ ಒದಗಿಸಿ ವಚನ ಸಂಚಯ ಎಂಬ ಜಾಲತಾಣವನ್ನು ಕಟ್ಟಿದ ಮೇಲೆ. ಆ ಕೆಲಸ ಯಾವ ಮಠದಿಂದಲೂ ಆರಂಭವಾಗಲಿಲ್ಲ ಎಂಬುದನ್ನು ಇಲ್ಲಿ ಸೌಜನ್ಯಪೂರ್ವಕವಾಗಿ ನೆನಪಿಸಬೇಕಾಗಿದೆ.

ಶಾಸನಗಳ ವಿಷಯವೂ ಹಾಗೆಯೇ. ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ಶಾಸನಗಳು ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ನಾಲ್ಕನೆಯ ಸಂಪುಟದಲ್ಲಿ 1898ರಲ್ಲಿ ಪ್ರಕಟವಾದವು. ಹಳಗನ್ನಡದ ಪಠ್ಯಕ್ಕೆ ಬೇಕಾದ ೞ ಮತ್ತು ಱ ಅಕ್ಷರಗಳಿಗೆ 256 ಸ್ಥಾನಗಳ ಇಕ್ಕಟ್ಟಿನಲ್ಲಿ ಎಲ್ಲ ಹಳೆಯ ಫಾಂಟುಗಳಲ್ಲಿಯೂ ಜಾಗ ಸಿಗಲಿಲ್ಲ, ಆದ್ದರಿಂದ ಸ್ಥಳೀಯ ಚರಿತ್ರೆಯ ಪುಸ್ತಕಗಳಲ್ಲಿ ಅವು ಳ, ರಗಳಾಗಿ ಇಳಿದುಬಿಡುವುದುಂಟು. ಯೂನಿಕೋಡಿನಲ್ಲಿ ಎರಡಕ್ಕೂ ಸ್ಥಾನವಿದೆ. (ೞಕಾರಕ್ಕೆ ಅಲ್ಲಿ ತಪ್ಪಾಗಿ ‘ಫ’ ಎಂಬ ಹೆಸರು ಬಿದ್ದಿದೆ, ಒಮ್ಮೆ ಇಟ್ಟ ಹೆಸರನ್ನು ಬದಲಿಸದಿರುವುದು ಆ ಶಿಷ್ಟತೆಯ ನಿಯಮವಾದ್ದರಿಂದ ತಪ್ಪು ಹಾಗೆಯೇ ಉಳಿದಿದೆ. ಅಕ್ಷರ ಮಾತ್ರ ಸರಿಯಾಗಿದೆ.) ಹಳಗನ್ನಡದ ನಕಾರಪೊಲ್ಲು 2021ರಲ್ಲಿ ಸೇರ್ಪಡೆಯಾಯಿತು, ಅಂದರೆ ಶಾಸನದ ಓದುಗರ ಬೇಡಿಕೆಗೆ ಆ ವ್ಯವಸ್ಥೆ ಇಂದಿಗೂ ಕಿವಿಗೊಡುತ್ತಿದೆ, ಹಳೆಯ ಫಾಂಟುಗಳಿಗೆ ಹೊಸ ಅಕ್ಷರ ಸೇರಿಸುವವರು ಯಾರೂ ಉಳಿದಿಲ್ಲ.

ಈ ಹಿನ್ನೆಲೆಯಲ್ಲಿ ತಮ್ಮಿಂದ ನಿರೀಕ್ಷಿಸಲಾಗುತ್ತಿರುವುದು ದೊಡ್ಡದೇನಲ್ಲ. ಯೂನಿಕೋಡ್ ಕಡ್ಡಾಯವೆಂದು ಅಂಗಡಿಯವರ ಮೇಲೆ ಗದರುವುದರಿಂದ ಪ್ರಯೋಜನವಾಗದು; ಕೆಲಸ ಒಪ್ಪಿಸುವ ಪತ್ರದಲ್ಲಿ, ಅಚ್ಚಾದ ಪ್ರತಿಗಳ ಜೊತೆಗೆ ಅಂತಿಮ ಕರಡಿನ ಯೂನಿಕೋಡ್ ಪಠ್ಯವನ್ನೂ ಒಪ್ಪಿಸತಕ್ಕದ್ದು ಎಂಬ ಷರತ್ತನ್ನು ಬರೆದು, ಅದಕ್ಕಾಗಿ ಪುಟಕ್ಕಿಷ್ಟು ಎಂದು ಪ್ರತ್ಯೇಕ ಹಣವನ್ನು ಗೊತ್ತುಪಡಿಸಿದರೆ ಸಾಕು, ಪುಟ ಕಟ್ಟಿದ್ದು ಯಾವ ಫಾಂಟಿನಲ್ಲಾದರೂ ಇರಲಿ, ಪಠ್ಯ ಉಳಿಯುತ್ತದೆ. ಹಾಗೆ ಒಪ್ಪಿಸಲು ಲೇಖಕರ ಪಠ್ಯವನ್ನು ಹಿಂದಕ್ಕೆ ಪರಿವರ್ತಿಸಿ ಮತ್ತೆ ಮುಂದಕ್ಕೆ ತರುವ ದುಪ್ಪಟ್ಟು ಕೆಲಸ ಬೇಸರ ತಂದಾಗ ಅಂಗಡಿಯವರೇ ಯೂನಿಕೋಡಿನಲ್ಲಿ ಪುಟ ಕಟ್ಟಲು ತೊಡಗುತ್ತಾರೆ. ಚಂದಾ ಕಟ್ಟಲಾಗದವರಿಗೆ ಸ್ಕ್ರೈಬಸ್ ಎಂಬ ಉಚಿತ ಪುಟವಿನ್ಯಾಸ ತಂತ್ರಾಂಶದ ಈಚಿನ ಆವೃತ್ತಿ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ತಾಲ್ಲೂಕು ಮಟ್ಟದ ಸಾಹಿತ್ಯ ಸಂಘಗಳು ಕವಿಗೋಷ್ಠಿಗಳ ನಡುವೆ ಒಂದು ದಿನವನ್ನು ಡಿಟಿಪಿ ಕೆಲಸಗಾರರ ತರಬೇತಿಗೆ ಮೀಸಲಿಟ್ಟು, ಆ ದಿನದ ಅವರ ಸಂಪಾದನೆಯನ್ನು ತುಂಬಿಕೊಟ್ಟರೆ ಅದು ಸನ್ಮಾನಗಳಿಗಿಂತ ಹೆಚ್ಚು ಉಪಯುಕ್ತವಾದೀತು. ಈಗಾಗಲೇ ಅಚ್ಚಾದ ಕ್ಷೇತ್ರಮಹಾತ್ಮೆಗಳು, ಸ್ಮರಣ ಸಂಚಿಕೆಗಳು, ಮಾದೇಶ್ವರ ಮಂಟೇಸ್ವಾಮಿ ಪರಂಪರೆಯ ಕಥನಗಳ ಸಂಗ್ರಹಗಳು ಇವುಗಳ ಮೂಲ ಕಡತಗಳು ಅಂಗಡಿಗಳ ಹಳೆಯ ಗಣಕಗಳಲ್ಲಿಯೋ ಸಿಡಿಗಳಲ್ಲಿಯೋ ಇನ್ನೂ ಉಳಿದಿರುವ ಸಾಧ್ಯತೆಯಿದೆ. ಆ ಗಣಕಗಳು ಗುಜರಿಗೆ ಹೋಗುವ ಮೊದಲು ಕಡತಗಳನ್ನು, ಅವುಗಳಲ್ಲಿ ಬಳಸಿದ ಫಾಂಟುಗಳ ಹೆಸರಿನೊಡನೆ, ಕೇಳಿ ಪಡೆದಿಟ್ಟುಕೊಳ್ಳಬೇಕೆಂದು ತಮ್ಮೆಲ್ಲರಲ್ಲಿ ವಿನಂತಿ.